ಹೇರಾತ್‌ನಿಂದ ಬಾರದ ಫೋನು

ಗಟ್ಟಿ ಇಂಗು ಕುಟ್ಟುವಾಗ ಏಳುವ ಘಾಟು ಲಕ್ಷ್ಮೀಬಾಯಿಯವರಿಗೆ ಈ ವಯಸ್ಸಿನಲ್ಲೂ ಕಮರಿಪೇಟೆಯ ತವರುಮನೆಯನ್ನು ನೆನಪಿಸುತ್ತದೆ. ಅಲ್ಲಿ ಅವರ ಅಜ್ಜಿ ಇಂಗಿನ ಭರಣಿಯನ್ನು ಎಷ್ಟು ಬಿಗಿಯಾಗಿ ಮುಚ್ಚಿಟ್ಟರೂ ಆ ವಾಸನೆ ಹಾಸಿಗೆಯ ತನಕ ಬರುತ್ತಿತ್ತು. ಹಪ್ಪಳಕ್ಕೆ ಅಂಥದೇ ಇಂಗು ಬೇಕೆಂದು ಅವರು ನವನಗರದ ಗಿರಿಯಪ್ಪನ ಅಂಗಡಿಗೆ ಹೋಗಿದ್ದರು.

"ಇದ್ದದ್ದು ಇಷ್ಟ ನೋಡ್ರಿ ಬಾಯಾರ," ಎಂದ ಗಿರಿಯಪ್ಪ. "ಇಂಗು ಬರೋ ಅಫ್ಘಾನಿಸ್ತಾನದಾಗ ಭೂಮಿ ನಡುಗೇತಿ. ಊರಿಗೆ ಊರ ಬಿದ್ದಾವಂತ. ಇನ್ನ ನಿಮ್ಮ ಹಪ್ಪಳಕ್ಕೂ ಕಂಟಕ!"

"ಯಾವ ಕಡೆ?"

"ಹೇರಾತ್ ಅಂದ್ರು ಟಿವಿಯಾಗ."

ಲಕ್ಷ್ಮೀಬಾಯಿ ಇಂಗನ್ನು ಅಲ್ಲೇ ಬಿಟ್ಟು ಮನೆಗೆ ಓಡಿದರು. ಅವರ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದ ಫರ್ಹಾದ ಹೇರಾತ್ ಕಡೆಯವನು. ಧಾರವಾಡಕ್ಕೆ ಕೃಷಿ ಓದಲು ಬಂದು, ಇಲ್ಲಿಯ ಮಾತನ್ನೂ ಕಲಿತಿದ್ದ. ಈಗ ಮೆಟ್ಟಿಲ ತುದಿಯಲ್ಲಿ ಮೊಬೈಲ್ ಹಿಡಿದು ನಿಂತಿದ್ದ.

"ಅಮ್ಮ ಫೋನ್ ಎತ್ತವಲ್ಲಳ್ರಿ ಅಜ್ಜಿ. ತಮ್ಮಂದೂ ಹತ್ತವಲ್ದು."

ಕೆಳಗೆ ಬಂದರೂ ಲಕ್ಷ್ಮೀಬಾಯಿಯವರಿಗೆ ಕೂತಲ್ಲಿ ಕೂರಲಾಗಲಿಲ್ಲ. ಟಿವಿ ಹಚ್ಚಿದರು, ಆರಿಸಿದರು, ಮತ್ತೆ ಹಚ್ಚಿದರು. ತಲೆಯ ಮೇಲೆ ಅವನ ಹೆಜ್ಜೆ ಗೋಡೆಯಿಂದ ಗೋಡೆಗೆ ತಿರುಗುತ್ತಿತ್ತು. ಕೇಳುತ್ತಿದ್ದರೆ ಸಂಕಟ, ನಿಂತರೆ ಇನ್ನೂ ಭಯ. ಮಧ್ಯಾಹ್ನವಾದರೂ ಮೇಲೆ ಒಲೆ ಹೊತ್ತಿದ ಸುಳಿವಿರಲಿಲ್ಲ. ಅನ್ನ, ತೊವ್ವೆ, ಬದನೆಕಾಯಿ ಪಲ್ಯವನ್ನು ಡಬ್ಬಿಗೆ ತುಂಬಿ ಒಯ್ದರು.

ಡಬ್ಬಿ ಕಂಡದ್ದೇ ಫರ್ಹಾದನ ಮುಖ ಬಿಳಿಚಿತು.

"ಸುದ್ದಿ ಬಂತೇನ್ರಿ? ಹೇಳಾಕ ಬಂದ್ರೇನು?"

"ಇಲ್ಲಪಾ, ಯಾವ ಸುದ್ದಿನೂ ಬಂದಿಲ್ಲ. ಹಸದಿರ್ತೀ ಅಂತ..."

"ನಮ್ಮ ಕಡೆ ಸತ್ತವರ ಮನ್ಯಾಗ ಒಲಿ ಹಚ್ಚಂಗಿಲ್ರಿ. ಬಾಜೂ ಮನಿಯವರು ಊಟ ತರ್ತಾರ."

ಲಕ್ಷ್ಮೀಬಾಯಿ ನಾಲಿಗೆ ಕಚ್ಚಿಕೊಂಡರು. ಅವರ ಕಡೆಯೂ ಹಾಗೆಯೇ. ಸೂತಕದ ಮನೆಗಳಿಗೆ ಅನ್ನ ಹೊತ್ತ ಕೈ ಅದು. ಹಸಿವೆಯೊಂದನ್ನೇ ನೆನೆದು ಉಳಿದದ್ದನ್ನು ಮರೆತಿತ್ತು. ಡಬ್ಬಿಯನ್ನು ಸೆರಗಿನ ಮರೆಗೆ ಎಳೆದುಕೊಂಡರು.

"ಇದು ನಂದೋ. ಗಾಳಿಗೆ ಕೂತು ಉಣ್ಣಬೇಕಂತ ತಂದೀನಿ."

"ಈ ಬಿಸಲಾಗ?"

"ಬಿಸಲಾಗ. ನಿನಗೇನು ತ್ರಾಸು?"

ಅವನ ತುಟಿಯ ಮೇಲೆ ನಗುವಿನಂಥದೇನೋ ಬಂದು ಹೋಯಿತು. ಸುಳ್ಳನ್ನು ನಿಜ ಮಾಡಲು ಅವರು ಕೋಣೆಯ ಮುಂದಿನ ಬಯಲು ಮಾಳಿಗೆಯ ಸುಡುವ ಗಚ್ಚಿನ ಮೇಲೆ ಕೂತೇಬಿಟ್ಟರು. ಡಬ್ಬಿ ತೆರೆದು ಅನ್ನ ಕಲಸತೊಡಗಿದರು. ಅವನು ಒಳಗಿಂದ ಒಂದು ಛತ್ರಿ ತಂದು ಅವರ ತಲೆಯ ಮೇಲೆ ಹಿಡಿದು ನಿಂತ; ಇನ್ನೊಂದು ಕೈಯಲ್ಲಿ ನಂಬರು ಒತ್ತುತ್ತಲೇ ಇದ್ದ.

ಬಿಸಿಲು ಇಳಿಯುವ ಹೊತ್ತಿಗೆ ಫೋನು ತಾನಾಗಿ ರಿಂಗಣಿಸಿತು. ಅವನಾಡಿದ ಮಾತಿನಲ್ಲಿ ಲಕ್ಷ್ಮೀಬಾಯಿಯವರಿಗೆ ತಿಳಿದದ್ದು ಅಮ್ಮ ಎಂಬರ್ಥದ 'ಮಾದರ್' ಒಂದೇ. ಛತ್ರಿ ಕೈಜಾರಿ ಉರುಳಿತು.

"ಅಮ್ಮ ಅದಾಳ್ರಿ ಅಜ್ಜಿ. ಬಯಲಾಗ ಕುಂತಾಳಂತ." ಉರುಳಿದ ಛತ್ರಿಯನ್ನು ಎತ್ತಿ ಮಡಚುತ್ತ, "ತಮ್ಮ ಬಿದ್ದ ಮನ್ಯಾಗಿಂದ ಹೊರಗ ಬರಲಿಲ್ಲಂತ್ರಿ," ಎಂದ.

ಲಕ್ಷ್ಮೀಬಾಯಿ ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು, ತಲೆಯ ಮೇಲೆ ಕೈಯಿಟ್ಟು ಕತ್ತಲಾಗುವ ತನಕ ಕೂತರು. ಆಮೇಲೆ ಕೆಳಗಿಳಿದು ಬಿಸಿ ಅನ್ನ ಮಾಡಿ, ತಟ್ಟೆಗೆ ಬಡಿಸಿ ಮೇಲೆ ಬಂದರು. ಫರ್ಹಾದ ಈ ಸಲ ಏನೂ ಕೇಳಲಿಲ್ಲ. ಎರಡೂ ಕೈ ಒಡ್ಡಿದ. ಲಕ್ಷ್ಮೀಬಾಯಿ ತಟ್ಟೆಯನ್ನು ಆ ಕೈಗಳಲ್ಲಿಟ್ಟರು.