ಗಾಲಿಯ ಗುರುತಿನ ಪಕ್ಕದ ಪಾದ

ನಮ್ಮ ಸ್ಟೇನ್‌ಹುಕ್ ಊರಿನ ಚರ್ಚಿನ ಎದುರಿಗೆ ಸಿಮೆಂಟಿನ ಒಂದು ಹಾಸು ಇದೆ. ಅದರ ಮೇಲೆ ಎತ್ತಿನ ಗಾಡಿಯ ಎರಡು ಗಾಲಿಗಳ ಗುರುತು. ಹಾಸಿನ ತಲೆಯ ಕಡೆ ನಿಲ್ಲಿಸಿದ ಕಲ್ಲಿನಲ್ಲಿ ‘ದೇವರು ತನ್ನ ಜನರನ್ನು ನಡೆಸಿದ ದಾರಿ ಇದು’ ಎಂದು ಕೆತ್ತಿದ್ದಾರೆ. ಬಿಳಿಯ ರೈತರಾಗಿದ್ದ ನಮ್ಮ ಬೂರ್ ಹಿರಿಯರು ದಕ್ಷಿಣದ ಕಡಲತೀರದ ಕೇಪ್ ಬಿಟ್ಟು ಉತ್ತರಕ್ಕೆ ಹೊರಟು ನೂರು ವರ್ಷವಾಯಿತೆಂದು ೧೯೩೮ರಲ್ಲಿ ಗಾಡಿಗಳು ಮತ್ತೆ ಅದೇ ದಾರಿ ಹಿಡಿದು ಬಂದವು. ಆಗ ಊರೂರಲ್ಲೂ ಹೀಗೆ ಹಸಿ ಸಿಮೆಂಟು ಹಾಸಿ, ಅದರ ಮೇಲೆ ಗಾಲಿ ಹರಿಸಿಕೊಂಡು, ಸ್ಮಾರಕವೆಂದು ಕರೆದರು. ನನಗಾಗ ಏಳು ವರ್ಷ. ಆ ಸ್ಮಾರಕದ ಸುತ್ತಲ ಹೂಗಿಡಗಳಿಗೆ ನಲವತ್ತು ವರ್ಷ ನೀರು ಹಾಕಿದವಳೂ ನಾನೇ. ಹೆಸರು ಅಲೆಟ್ಟಾ ಸ್ನೇಮನ್. ಬಾಯಿ ಜೋರು ಎಂದು ಊರೆಲ್ಲ ಹೇಳುತ್ತದೆ. ಬೇಕಾದ ಹೊತ್ತಿಗೆ ಆ ಬಾಯಿ ಬಂದದ್ದೇ ಇಲ್ಲ ಎನ್ನುವುದು ಊರಿಗೆ ಗೊತ್ತಿರಲಿಲ್ಲ.

೧೯೯೬ರ ಚಳಿಗಾಲದಲ್ಲಿ ಹಿಮ ಬಿದ್ದು, ಬಲಗಾಲಿಯ ಗುರುತಿನ ಪಕ್ಕ ಮೆತ್ತಿದ್ದ ಹಳೇ ತೇಪೆ ಸಿಡಿದು ಎದ್ದುಬಂತು. ಅದರಡಿ ಮಗುವೊಂದರ ಬರಿಗಾಲಿನ ಗುರುತಿತ್ತು. ಐದು ಬೆರಳೂ ಸ್ಪಷ್ಟ. ಊರಿನ ಹಳಬರಿಗೆಲ್ಲ ಅದರ ಕಥೆ ಗೊತ್ತು. ಬಟ್ಟೆ ಒಗೆಯುವ ಕರಿಯ ಹೆಂಗಸಿನ ಮಗಳು ಪುಲಾನೆ ಅವತ್ತು ಹಸಿ ಸಿಮೆಂಟು ತುಳಿದಳು, ಚರ್ಚಿನ ಹಿರಿಯರಾಗಿದ್ದ ನಮ್ಮಪ್ಪ ಬೆಲ್ಟು ಬಿಚ್ಚಿ ಅವಳಿಗೆ ಆರು ಏಟು ಹಾಕಿದರು. ಕಥೆ ಅಷ್ಟೆ. ಏಟು ನಿಜ. ಪಾದ ಅವಳದಲ್ಲ, ನನ್ನದು.

ಬಿಳಿಯರ ಆಳ್ವಿಕೆ ಮುಗಿದ ಮೇಲೆ ಬಂದ ಹೊಸ ಪುರಸಭೆಯ ಸದಸ್ಯ ಲೆಫಾ ಒಂದು ದಿನ ನಮ್ಮ ಮನೆಗೆ ಬಂದ. ಮೂವತ್ತು ದಾಟದ ಕರಿಯ ಹುಡುಗ, ಟೈ ಕಟ್ಟಿದ್ದ.

“ಟಾನಿ ಅಲೆಟ್ಟಾ, ಸ್ಮಾರಕ ಒಡೆಯಲ್ಲ, ಹೆದರಬೇಡಿ,” ಅಂದ, ನಮ್ಮ ಭಾಷೆಯಲ್ಲಿ ಚಿಕ್ಕಮ್ಮನನ್ನು ಕರೆಯುವ ಹಾಗೆ. “ಪಕ್ಕದಲ್ಲಿ ಇನ್ನೊಂದು ಫಲಕ ಹಾಕ್ತೀವಿ. ಈ ದಾರಿಯಲ್ಲಿ ಇವರೂ ನಡೆದಿದ್ದಾರೆ ಅಂತ ಬರೆದು ಪುಲಾನೆ ಅಮ್ಮನ ಹೆಸರು. ಡಿಸೆಂಬರ್ ಹದಿನಾರಕ್ಕೆ ಸಮಾರಂಭ.”

“ಮಾಡಿ, ಯಾರು ಬೇಡ ಅಂದ್ರು?”

“ನಿಮ್ಮವರು ಕೆಲವರು ಗೊಣಗ್ತಾ ಇದ್ದಾರೆ. ಅವತ್ತು ಅಲ್ಲಿದ್ದವರಲ್ಲಿ ಉಳಿದಿರೋ ಬಿಳಿಯರು ನೀವೊಬ್ಬರೇ. ನೀವು ಎದ್ದು, ಹೌದು, ಅದು ಪುಲಾನೆ ಕಾಲೇ, ನಾನು ನೋಡಿದ್ದೀನಿ ಅಂತ ಎರಡು ಮಾತು ಹೇಳಿದ್ರೆ ಎಲ್ಲರ ಬಾಯಿ ಮುಚ್ಚುತ್ತೆ.”

ಯೋಚಿಸಿ ಹೇಳುತ್ತೇನೆಂದು ಅವನನ್ನು ಸಾಗಹಾಕಿದೆ.

ಅವತ್ತಿನದನ್ನು ಹೇಳಿಬಿಡುತ್ತೇನೆ. ಹಬ್ಬಕ್ಕೆಂದು ನನಗೆ ಉದ್ದ ಲಂಗ, ಟೊಪ್ಪಿ, ಕಾಲು ಕಚ್ಚುವ ಹೊಸ ಬೂಟು. ಗಾಡಿಗಳು ಹಾದುಹೋದ ಮೇಲೆ ದೊಡ್ಡವರೆಲ್ಲ ಪ್ರಾರ್ಥನೆಗೆ ಚರ್ಚಿನೊಳಗೆ ಹೋದರು. ನಾನು ಬೂಟು, ಕಾಲುಚೀಲ ಕಳಚಿ ಪುಲಾನೆಯ ಕೈಗೆ ಕೊಟ್ಟು, ಆ ತಣ್ಣಗಿನ ಮೆತ್ತನೆಯದರಲ್ಲಿ ಕಾಲಿಟ್ಟೆ. ಎಷ್ಟು ಹಿತವಾಗಿತ್ತೆಂದು ಈಗಲೂ ನೆನಪಿದೆ. ಹಾಡು ಮುಗಿದ ಸದ್ದಿಗೆ ಗಡಿಬಿಡಿಯಲ್ಲಿ ಕಾಲುಚೀಲ, ಬೂಟು ಏರಿಸಿಕೊಂಡೆ. ಅಪ್ಪ ಬಂದು ನೋಡಿದಾಗ ಅಲ್ಲಿ ಬರಿಗಾಲಲ್ಲಿ ಇದ್ದವಳು ಪುಲಾನೆ ಒಬ್ಬಳೇ. ಅವರು ನನ್ನನ್ನು ಕೇಳಲೂ ಇಲ್ಲ. ಪುಲಾನೆ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಆರು ಏಟು ಮುಗಿಯುವವರೆಗೂ ನೆಲವನ್ನೇ ನೋಡಿದೆ. ಸಂಜೆ ನನ್ನ ಅಂಗಾಲು ಸಿಮೆಂಟಿಗೆ ಬೆಂದು ಕೆಂಪಗಾಗಿತ್ತು. ಬೂಟು ಕಚ್ಚಿತೆಂದು ಅಮ್ಮ ಮುಲಾಮು ಹಚ್ಚಿದರು.

ಲೆಫಾ ಬಂದುಹೋದ ಮರುದಿನ ನಾನು ಪುಲಾನೆಯ ಮನೆಗೆ ಹೋದೆ. ರೈಲುಹಳಿಯಾಚೆಯ ಕರಿಯರ ಕೇರಿ ನಮ್ಮ ಮನೆಯಿಂದ ಇಪ್ಪತ್ತು ನಿಮಿಷದ ನಡಿಗೆ. ಅರವತ್ತೈದು ವರ್ಷದಲ್ಲಿ ಅದೇ ಮೊದಲು ನಾನು ಅಲ್ಲಿ ಕಾಲಿಟ್ಟದ್ದು. ಥೂ, ಎಂಥ ಬದುಕು ನನ್ನದು.

ಪುಲಾನೆ ಮುದುಕಿಯಾಗಿದ್ದಳು, ನನ್ನ ಹಾಗೆಯೇ. ಕುರ್ಚಿ ತೋರಿಸಿದಳು. ಒಳ್ಳೆಯ ಬಟ್ಟಲಲ್ಲಿ ಚಹಾ ತಂದಿಟ್ಟಳು.

“ಅಮ್ಮಾವ್ರು ದಾರಿ ತಪ್ಪಿ ಬಂದ್ರೇನೋ ಅಂದ್ಕೊಂಡೆ,” ಅಂದಳು.

“ಪುಲಾನೆ, ಆ ಕಾಲು...”

“ನಿಮ್ದು. ಗೊತ್ತು. ಬೂಟು ಹಿಡ್ಕೊಂಡು ನಿಂತವಳು ನಾನೇ ಅಲ್ವಾ? ಮರೆಯೋಕೆ ನನಗೇನು ಅರಳುಮರಳಾ?”

“ಸಮಾರಂಭದಲ್ಲಿ ಎಲ್ಲರ ಮುಂದೆ ಹೇಳ್ಬಿಡ್ತೀನಿ. ತಪ್ಪು ನಂದು, ಏಟು ನೀನು ತಿಂದೆ ಅಂತ.”

ಅವಳು ಚಹಾಕ್ಕೆ ಸಕ್ಕರೆ ಹಾಕಿಕೊಂಡಳು. ಮೂರು ಚಮಚ. ನಿಧಾನಕ್ಕೆ ಕಲಕಿದಳು.

“ಹೇಳಿದ್ರೆ ಏನಾಗುತ್ತೆ?” ಅಂದಳು.

“ಸತ್ಯ ಗೊತ್ತಾಗುತ್ತೆ.”

“ಗೊತ್ತಾಗಿ? ಗಾಲಿ ನಿಮ್ಮವರದು, ಕಲ್ಲು ನಿಮ್ಮವರದು, ಆ ಕಲ್ಲಲ್ಲಿ ಇರೋ ದೇವರೂ ನಿಮ್ಮವನು. ಕಾಲೊಂದು ನನ್ನ ಹೆಸರಿಗೆ ಬರ್ತಾ ಇದೆ. ಅದನ್ನೂ ಕಿತ್ಕೊಂಡು ಹೋಗೋಕೆ ಬಂದ್ರಾ?”

“ಕಿತ್ಕೊಳ್ಳೋಕಲ್ಲ ಪುಲಾನೆ. ಕ್ಷಮೆ ಕೇಳೋಕೆ.”

“ಕೇಳಿ, ಇಲ್ಲೇ ಕೇಳಿ. ನಾನೊಬ್ಬಳೇ ಇದ್ದೀನಿ. ಅದಕ್ಕೆ ಮೈಕು ಯಾಕೆ?”

ಬಟ್ಟಲು ಕೆಳಗಿಟ್ಟು ಕೇಳಿದೆ, ಕ್ಷಮಿಸು ಎಂದು. ಅವಳು ತಲೆಯಾಡಿಸಿದಳು. ಕ್ಷಮಿಸಿದಳೋ, ಕೇಳಿಸಿತು ಎಂದಳೋ, ನನಗೆ ತಿಳಿಯಲಿಲ್ಲ.

“ನಮ್ಮಮ್ಮ ಅವತ್ತಿಂದ ನನ್ನ ಕಳ್ಳಕಾಲಿನವಳು ಅಂತಿದ್ಲು,” ಅಂದಳು ಪುಲಾನೆ. “ಸಾಯೋವರೆಗೂ ನಂಬಲಿಲ್ಲ ನನ್ನ. ನನ್ನ ಏಟಿಗೆ ಯಾರೂ ಕಲ್ಲು ನೆಡಲ್ಲ ಅಮ್ಮಾವ್ರೇ. ಆ ಕಾಲಿಗಾದ್ರೂ ನೆಡ್ಲಿ. ಮೊಮ್ಮಕ್ಕಳು ಓದ್ತಾರೆ. ಐವತ್ತೆಂಟು ವರ್ಷ ಅದು ನನ್ನ ಕಾಲು ಅಂತ ಬಿಟ್ಟಿದ್ರಲ್ಲ, ಇನ್ನೊಂದು ಸಲ ಹಾಗೇ ಹೇಳಿ. ಆಗ ನಿಮಗೋಸ್ಕರ ಆಯ್ತು, ಈ ಸಲ ನನಗೋಸ್ಕರ.”

ನಾನು ಹೂಂ ಅಂದೆ. ಅವಳ ಕೈ ಹಿಡಿದು, ಹಾಗೆಯೇ ಹೇಳುತ್ತೇನೆಂದು ಮಾತು ಕೊಟ್ಟೆ.

ಡಿಸೆಂಬರ್ ಹದಿನಾರರ ಬೆಳಿಗ್ಗೆ ಚರ್ಚಿನ ಮುಂದೆ ಶಾಮಿಯಾನ ಹಾಕಿದ್ದರು. ದೇವರು ನಮ್ಮವರಿಗೆ ಕರಿಯರ ವಿರುದ್ಧ ಯುದ್ಧ ಗೆಲ್ಲಿಸಿಕೊಟ್ಟನೆಂದು ನಾವು ಹಿಂದೆಲ್ಲ ಆ ದಿನ ಪ್ರಾರ್ಥನೆಗೆ ಸೇರುತ್ತಿದ್ದೆವು. ಈಗ ಸರ್ಕಾರ ಅದನ್ನೇ ಬಿಳಿಯರೂ ಕರಿಯರೂ ರಾಜಿಯಾಗುವ ದಿನ ಎಂದಿತ್ತು. ಪುಲಾನೆ ಮುಂದಿನ ಸಾಲಿನಲ್ಲಿ, ಅವರ ಜನ ಹಬ್ಬಕ್ಕೆ ಹೊದೆಯುವ ಹೊಸ ಕಂಬಳಿ ಹೊದ್ದು, ಅಕ್ಕಪಕ್ಕ ಮೊಮ್ಮಕ್ಕಳನ್ನು ಕೂರಿಸಿಕೊಂಡು ನೆಟ್ಟಗೆ ಕೂತಿದ್ದಳು. ಫಲಕಕ್ಕೆ ಬಟ್ಟೆ ಮುಚ್ಚಿತ್ತು. ಕೀರ್ತನೆಯೊಂದನ್ನು ಮೊದಲು ನಮ್ಮ ಭಾಷೆಯಲ್ಲಿ, ಆಮೇಲೆ ಅವರ ಭಾಷೆಯಲ್ಲಿ ಹಾಡಿದರು. ಪಾದ್ರಿಗಳು ಪಾಪ ಒಪ್ಪಿಕೊಳ್ಳುವವನಿಗೆ ಸಿಗುವ ಬಿಡುಗಡೆಯ ಬಗ್ಗೆ ಮಾತಾಡಿದರು. ಲೆಫಾ ನನ್ನ ಹೆಸರು ಕರೆದ.

ಮೈಕಿನ ಮುಂದೆ ನಿಂತೆ. ಹೇಳು, ಈಗಲೇ ಹೇಳು ಎಂದು ಒಳಗಿನಿಂದ ಯಾರೋ ನೂಕಿದಂತಾಯಿತು. ಪವಿತ್ರಾತ್ಮನೆಂದುಕೊಂಡೆ. ಈಗ ಗೊತ್ತು, ಅದು ಯಾವ ಆತ್ಮವೂ ಅಲ್ಲ. ಸಾಯುವ ಮುಂಚೆ ಹೊರೆ ಇಳಿಸಿಕೊಳ್ಳುವ ಮುದುಕಿಯ ಆತುರ, ಅಷ್ಟೆ. ಪುಲಾನೆ ನನ್ನನ್ನೇ ನೋಡುತ್ತಿದ್ದಳು.

“ಅದು ಪುಲಾನೆ ಕಾಲಲ್ಲ,” ಅಂದೆ. “ನನ್ನದು.”

ಎಲ್ಲವನ್ನೂ ಹೇಳಿದೆ. ಬೂಟು, ಬೆಲ್ಟು, ನಾನು ನೆಲ ನೋಡಿದ್ದು. ಅಳುತ್ತ ಹೇಳಿದೆ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು, ಬಿಳಿಯರೂ ಕರಿಯರೂ. ಪಾದ್ರಿಗಳು ತಬ್ಬಿಕೊಂಡರು. ಗೊಣಗುತ್ತಿದ್ದವರೇ ಬಂದು ಕೈ ಕುಲುಕಿದರು. ಪತ್ರಿಕೆಯವನು ನನ್ನನ್ನು ಆ ಪಾದದ ಪಕ್ಕ ನಿಲ್ಲಿಸಿ ಫೋಟೋ ತೆಗೆದ. ಆ ಗದ್ದಲದ ನಡುವೆ ನೋಡುತ್ತೇನೆ, ಮುಂದಿನ ಸಾಲಿನ ಕುರ್ಚಿಗಳು ಖಾಲಿ. ಫಲಕದ ಬಟ್ಟೆಯನ್ನು ಯಾರೂ ಸರಿಸಲಿಲ್ಲ. ಅವತ್ತು ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ಇವತ್ತು ಮುಚ್ಚಿಕೊಂಡಿರಬೇಕಿತ್ತು, ಮುಚ್ಚಲಿಲ್ಲ.

ವಾರ ಬಿಟ್ಟು ಅವಳ ಮನೆಗೆ ಹೋದೆ. ಬಾಗಿಲು ಅರ್ಧ ತೆರೆದಳು, ಕುರ್ಚಿ ತೋರಿಸಲಿಲ್ಲ.

“ಮನಸ್ಸು ಹಗುರ ಆಯ್ತಾ ಅಮ್ಮಾವ್ರೇ?”

“ಇಲ್ಲ ಪುಲಾನೆ.”

“ಛೆ, ಆಗ್ಬೇಕಿತ್ತು,” ಅಂದು ಬಾಗಿಲು ಹಾಕಿಕೊಂಡಳು.

ಈಗ ಸ್ಮಾರಕದ ಪಕ್ಕ ಬೇರೆ ಫಲಕವಿದೆ. ‘ಅಲೆಟ್ಟಾ ಸ್ನೇಮನ್, ೭ ವರ್ಷ, ೧೯೩೮’ ಎಂದು ಮೇಲೆ, ಸತ್ಯ ನಮ್ಮನ್ನು ಒಂದುಗೂಡಿಸಲಿ ಎಂಬಂಥ ಮಾತು ಕೆಳಗೆ. ಶಾಲೆಯ ಮಕ್ಕಳನ್ನು ಕರೆತಂದು ತೋರಿಸುತ್ತಾರೆ. ನಾನು ಹೂಗಿಡಗಳಿಗೆ ನೀರು ಹಾಕುವುದನ್ನು ಬಿಟ್ಟೆ. ಲೆಫಾನ ಕಚೇರಿಗೆ ಮೂರು ಸಲ ಅಲೆದೆ, ನನ್ನ ಹೆಸರು ಅಳಿಸಿ ಪುಲಾನೆಯದನ್ನು ಹಾಕಿ ಎಂದು. ಕೊನೆಯ ಸಲ ಅಂಗಲಾಚಿದೆ, ಏಟು ತಿಂದವಳೆಂದಾದರೂ ಕೆಳಗೆ ಒಂದು ಸಾಲು ಸೇರಿಸಪ್ಪ ಎಂದು.

ಲೆಫಾ ಕುರ್ಚಿಯಿಂದ ಎದ್ದು ನನ್ನನ್ನು ಬಾಗಿಲವರೆಗೆ ಬಿಡಲು ಬಂದ.

“ಏಟು ತಿಂದವರ ಹೆಸರೆಲ್ಲ ಬರೆಯೋಕೆ ಹೊರಟ್ರೆ ಈ ದೇಶದಲ್ಲಿ ಕಲ್ಲು ಸಾಲಲ್ಲ ಟಾನಿ,” ಅಂದ. “ಕಾಲು ಅವರದಾಗಿದ್ರೆ ಬರೀಬಹುದಿತ್ತು. ಅಲ್ಲ ಅಂತ ನೀವೇ ಹೇಳಿದ್ರಲ್ಲ.”