ಕ್ಯಾರೆಟ್ ಇಲ್ಲದ ತಟ್ಟೆ

ಇನ್ನು ಮೇಲೆ ಎಲ್ಲ ಮಕ್ಕಳಿಗೂ ಶಾಲೆಯಲ್ಲೇ ಬಿಟ್ಟಿ ಊಟ, ಮನೆಯಿಂದ ಡಬ್ಬಿ ತರುವ ಹಾಗಿಲ್ಲ ಎಂದು ಗೊತ್ತಾದ ದಿನ ತಾಯಂದಿರೆಲ್ಲ ಉಸ್ಸಪ್ಪ ಎಂದರು. ಶಾಲೆಯ ಅಡುಗೆಯವಳಿಗೆ ಮಾತ್ರ ಎದೆ ಧಸಕ್ಕೆಂದಿತು. ಅದೇ ಶಾಲೆಯ ಏಳನೇ ತರಗತಿಯಲ್ಲಿ ಅವಳ ಮಗಳಿದ್ದಳು. ಅದು ಯಾರಿಗೂ ಗೊತ್ತಿರಲಿಲ್ಲ.

"ಶಾಲೇಲಿ ನೀನ್ಯಾರೋ, ನಾನ್ಯಾರೋ" ಎಂದು ಸೇರಿದ ದಿನವೇ ಮಗಳು ಮಾತು ತೆಗೆದುಕೊಂಡಿದ್ದಳು. ಮಕ್ಕಳು ಅಡುಗೆಯವಳನ್ನು ಬೆನ್ನ ಹಿಂದೆ 'ಸೌಟಮ್ಮ' ಎಂದು ಆಡಿಕೊಳ್ಳುವುದು ಇಬ್ಬರಿಗೂ ತಿಳಿದಿತ್ತು. ಇಷ್ಟು ದಿನ ಮಗಳು ಹಿತ್ತಲ ಮೆಟ್ಟಿಲ ಮೇಲೆ ಕೂತು ಡಬ್ಬಿಯ ಅನ್ನ ಉಂಡು ತಪ್ಪಿಸಿಕೊಂಡಿದ್ದಳು. ಇವತ್ತು ತಟ್ಟೆ ಹಿಡಿದು ತಾಯಿಯೆದುರಿಗೇ ಬರಬೇಕು.

ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುವಾಗಲೂ ಅದೇ ಮಾತು. "ನನ್ನ ನೋಡಿ ನಗಬೇಡ. ಜಾಸ್ತಿ ಹಾಕಬೇಡ."

"ಆಯ್ತು ಕಣೇ. ನಿನ್ನ ಮುಖ ನೋಡಿದ್ರೆ ಕೇಳು."

ಗಂಟೆ ಹೊಡೆಯಿತು. ಸಾಲು ಹನುಮಂತನ ಬಾಲವಾಯಿತು. ಅಡುಗೆಯವಳು ತಲೆ ತಗ್ಗಿಸಿ, ತಟ್ಟೆಗಳನ್ನಷ್ಟೇ ನೋಡುತ್ತ ತರಕಾರಿ ಅನ್ನ ಬಡಿಸಿದಳು. ಕಚ್ಚಿ ಮೊಂಡಾದ ಉಗುರುಗಳ ಪರಿಚಿತ ಕೈ ಎದುರಾದಾಗ ಉಸಿರು ಬಿಗಿಹಿಡಿದಳು. ಒಂದು ಸೌಟು ಹಾಕಿದಳು. ಗೆದ್ದೆ ಎಂದುಕೊಂಡಳು.

"ಇವಳಿಗ್ಯಾಕೆ ಒಂದೂ ಕ್ಯಾರೆಟ್ ಇಲ್ಲ?" ಆಗಷ್ಟೇ ಬಡಿಸಿಕೊಂಡಿದ್ದ ಎತ್ತರದ ಹುಡುಗಿ ಮಗಳ ತಟ್ಟೆಯೊಳಗೆ ಇಣುಕಿದಳು. "ನಾನು ಬೇಡ ಅಂದ್ರೂ ಹಾಕಿದ್ರು. ನೀನೇನು ಇವರ ನೆಂಟಳಾ?"

ಅಡುಗೆಯವಳು ಆಗ ನೋಡಿದಳು. ಹೌದು. ಮಗಳು ಮುಟ್ಟುವುದಿಲ್ಲವೆಂದು ಮನೆಯಲ್ಲಿ ವರ್ಷಗಟ್ಟಲೆ ಕ್ಯಾರೆಟ್ ಬದಿಗೆ ಸರಿಸಿ ಬಡಿಸಿದ ಕೈ ಇಲ್ಲೂ ಹೇಳದೆ ಕೇಳದೆ ಹಾಗೇ ಮಾಡಿತ್ತು. ಬಾಯಿ ಮುಚ್ಚಿಕೊಂಡು ಏನು ಬಂತು, ಕೈಯೇ ಚಾಡಿ ಹೇಳಿತ್ತು.

"ಕಾಣ್ಲಿಲ್ಲಮ್ಮ," ಎಂದು ತಡವರಿಸಿ, ಸೌಟಿನ ತುಂಬ ಕ್ಯಾರೆಟ್ ಆರಿಸಿ ಮಗಳ ತಟ್ಟೆಗೆ ಸುರಿದಳು. ಮಗಳು ತುಟಿ ಬಿಗಿದು ಹೋಗಿ ಎತ್ತರದ ಹುಡುಗಿಯ ಪಕ್ಕ ಕೂತಳು.

ಅಡುಗೆಯವಳು ಬಡಿಸುತ್ತಲೇ ಓರೆಗಣ್ಣಲ್ಲಿ ನೋಡಿದಳು. ಮಗಳು ಕಷಾಯ ಕುಡಿಯುವವಳಂತೆ ಮುಖ ಮಾಡಿಕೊಂಡು ಒಂದೊಂದೇ ತುಂಡು ನುಂಗುತ್ತಿದ್ದಳು. ಎತ್ತರದ ಹುಡುಗಿ ಸೌಟು ತಿರುಗಿಸುವ ಅಣಕ ಮಾಡಿ ಏನೋ ಅಂದಳು. ಮೇಜಿನ ಸುತ್ತ ಎಲ್ಲರೂ ನಕ್ಕರು.

ಮಗಳು ನಗಲಿಲ್ಲ. ತಟ್ಟೆ ಹಿಡಿದು ಎದ್ದಳು. ಸಾಲು ಸೀಳಿಕೊಂಡು ನೇರ ಬಂದಳು.

"ಅಮ್ಮ," ಎಂದಳು, ಆ ತುದಿಯ ಮೇಜಿಗೂ ಕೇಳುವ ಹಾಗೆ. "ಮನೇಲೂ ಹೇಳಿದೀನಿ, ಇಲ್ಲೂ ಹೇಳ್ತಿದೀನಿ. ನಂಗೆ ಕ್ಯಾರೆಟ್ ಹಾಕ್ಬೇಡ."

ಎತ್ತರದ ಹುಡುಗಿಯ ತುತ್ತು ಕೈಯಲ್ಲೇ ಉಳಿಯಿತು. ಅಡುಗೆಯವಳು ಸೆರಗಿನಿಂದ ಮೂಗೊರೆಸಿಕೊಂಡಳು.

"ಸಾಲಲ್ಲಿ ಬಾ," ಎಂದಳು. "ಹಿಂದೆ ಮಕ್ಕಳು ಕಾಯ್ತಿದಾರೆ."