ಕಸವಾಲಾಗೆ ಕಾನೂನಿಲ್ಲ

"ಹೆಸರು?" ಎಂದಳು ಲುಕಿಯಾ, ಪೆನ್ನಿನ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ.

"ಕಸವಾಲಾ," ಎಂದ ಬ್ವನಾಲಿ.

ಅಳತೆ ಹಲಗೆಯ ಮೇಲೆ, ಅದರ ತುದಿಯ ಪುಟ್ಟ ಕಟ್ಟೆಗೆ ಮೂತಿ ತಾಗಿಸಿಕೊಂಡು ಬಿದ್ದಿದ್ದ ಮೀನು ಹನ್ನೊಂದು ಸೆಂಟಿಮೀಟರಿನ ಗೆರೆಗೆ ಬಾಲ ಬಡಿಯಿತು. ಲುಕಿಯಾ ಅದನ್ನು ಅಂಗೈಯಿಂದ ಒತ್ತಿ ಹಿಡಿದು ಅಳತೆ ಓದಿದಳು. ಪುಸ್ತಕದ ಕೊನೆಯಲ್ಲಿ 'ಇತರೆ' ಎಂದು ಅಚ್ಚಾಗಿದ್ದ ಕಾಲಂನಲ್ಲಿ ಹೆಸರನ್ನೂ ಉದ್ದವನ್ನೂ ಬರೆದಳು. ಪಕ್ಕದಲ್ಲಿದ್ದ ಬೋಗುಣಿಯ ನೀರಿಗೆ ಕೈ ಅದ್ದಿ ಅಂಟಿದ್ದ ಮೀನಿನ ಪೊರೆ ತೊಳೆದುಕೊಂಡಳು. ಮುಂದಿನದು ಹತ್ತು. ಅದರ ಮುಂದಿನದು ಹನ್ನೆರಡೂವರೆ. ಪ್ರತಿ ಸಲವೂ ಅವಳು ಕೇಳುವುದು, ಅವನು ಹೇಳುವುದು. ಮೀನಿನ ಹೆಸರನ್ನು ಬಲೆಯ ಯಜಮಾನ ಹೇಳಬೇಕು, ಬರೆಯುವವರು ಬರೆದುಕೊಳ್ಳಬೇಕು ಎಂಬುದು ಮಾಲೊಂಬೆ ಸರೋವರದ ಈ ದಡದಲ್ಲಿ ಮೊದಲಿನಿಂದ ನಡೆದು ಬಂದದ್ದು. ಹನ್ನೊಂದು ವರ್ಷದ ಹಿಂದೆ ಲುಕಿಯಾ ಕೆಲಸಕ್ಕೆ ಸೇರಿದಾಗ ಮೀನು ಸಂಶೋಧನೆಯವರು ಹೇಳಿಕೊಟ್ಟಿದ್ದೂ ಅದನ್ನೇ. ಮೀನುಗಾರರಿಗೆ ಗೊತ್ತಿರುವಷ್ಟು ಹೆಸರು ನಮಗೆ ಗೊತ್ತಿಲ್ಲ, ಅವರು ಹೇಳಿದ್ದನ್ನು ಬರಿ ಎಂದಿದ್ದರು.

ಬ್ವನಾಲಿ ಅವಳ ತಾಯಿಯ ಅಣ್ಣ. ಅಳಿಯಸಂತಾನದ ಮನೆತನ ಅದು. ತಂಗಿಯರು, ಅವರ ಮಕ್ಕಳು ಮೊಮ್ಮಕ್ಕಳು ಸೇರಿ ಇಪ್ಪತ್ತಮೂರು ಹೊಟ್ಟೆ ಅವನ ಒಂದು ಬಲೆಯನ್ನು ನಂಬಿಕೊಂಡಿದ್ದವು. ಲುಕಿಯಾಳ ಮನೆಗೆ ಹುಲ್ಲು ಹೊದೆಸಿದವನು ಅವನು. ದಕ್ಷಿಣ ಆಫ್ರಿಕಾದ ಗಣಿಗೆ ಹೋದ ಗಂಡ ತಿರುಗಿ ನೋಡದೇ ಇದ್ದಾಗ "ಹೋದ್ರೆ ಹೋಗ್ಲಿ ಬಿಡು, ನಾನಿಲ್ವಾ" ಎಂದವನೂ ಅವನೇ. ಹೀಗಿರುವಾಗ ಅವನು ಕಸವಾಲಾ ಎಂದರೆ ಅವಳ ಪೆನ್ನು ಯಾಕೆ ತಕರಾರು ಮಾಡೀತು?

ಕಸವಾಲಾ ಎಂಬುದು ಬೇರೆ ಮೀನೇನಲ್ಲ, ಚಂಬೊ ಮೀನಿನ ಮರಿಗೆ ಇರುವ ಹೆಸರು ಎಂಬುದು ದಡದಲ್ಲಿ ಮಲಗುವ ನಾಯಿಗೂ ಗೊತ್ತು. ಹಸುವಿನ ಮರಿಗೆ ಕರು ಎಂದ ಹಾಗೆ. ಹದಿನೈದು ಸೆಂಟಿಮೀಟರಿಗಿಂತ ಚಿಕ್ಕ ಚಂಬೊ ಹಿಡಿಯಕೂಡದು ಎಂದು ಕಾನೂನು ಬಂದ ದಿನ ಊರು ಒಂದು ಗಳಿಗೆ ತಲೆ ಕೆರೆದುಕೊಂಡಿತು, ಆಮೇಲೆ ನಕ್ಕಿತು. ಕಾನೂನಿನಲ್ಲಿ ಇರುವುದು ಚಂಬೊ ತಾನೆ? ಕಸವಾಲಾಗೆ ಕಾನೂನಿಲ್ಲ. ಆವತ್ತಿನಿಂದ ಬಲೆಯ ಕಣ್ಣು ಸಣ್ಣದಾಗುತ್ತಾ ಹೋಯಿತು, ದಡದ ಮೇಲೆ ಕಸವಾಲಾ ಎಂಬ ಕೂಗು ದೊಡ್ಡದಾಗುತ್ತಾ ಹೋಯಿತು. ಬುದ್ಧಿವಂತರ ಊರು.

ಅಷ್ಟರಲ್ಲಿ ಮೇಲಿನ ದಾರಿಯಲ್ಲಿ ಮೋಟಾರ್ ಸೈಕಲ್ಲಿನ ಸದ್ದಾಯಿತು. ಸಂಶೋಧನೆಯ ಡಾಕ್ಟರ್ ಗೊಂಡ್ವೆ ಹೆಲ್ಮೆಟ್ಟು ತೆಗೆದು, ಬೆವರಿದ ಕತ್ತನ್ನು ಸೆರಗಿನಂಥ ಚಿತೆಂಜೆ ಬಟ್ಟೆಯಲ್ಲಿ ಒರೆಸಿಕೊಳ್ಳುತ್ತಾ ಇಳಿದು ಬಂದರು. ಉತ್ತರದ ಕಡೆಯ ಹೆಂಗಸು, ಐವತ್ತು ದಾಟಿದೆ, ಮಾತು ಕಡಿಮೆ.

ಬುಟ್ಟಿ ಹಿಡಿದು ಮೀನಿಗೆ ಕಾದಿದ್ದ ವ್ಯಾಪಾರದ ಎಸ್ನಾತ್ ಬಿಡುವವಳಲ್ಲ. "ಏನ್ ಡಾಕ್ಟ್ರಮ್ಮ, ನಿಮ್ದು ಇನ್ನೂ ಮೀನು ಓದಿ ಮುಗೀಲಿಲ್ವಾ? ನಾವು ತಿಂದು ಮುಗಿಸ್ತಾ ಬಂದ್ವಿ!"

"ಅದಕ್ಕೇ ಓಡಿ ಬಂದೆ ಎಸ್ನಾತ್," ಎಂದರು ಗೊಂಡ್ವೆ. ಆದರೆ ನಗಲಿಲ್ಲ.

ಮಾವಿನ ಮರದ ಕೆಳಗೆ ದಡದ ಸಮಿತಿ ಸೇರಿತು. ಸಮಿತಿಯ ಅಧ್ಯಕ್ಷ ಬ್ವನಾಲಿಯೇ. ಗೊಂಡ್ವೆ ಚೀಲದಿಂದ ಹೊಸದಾಗಿ ಅಚ್ಚು ಹಾಕಿಸಿದ ಪುಸ್ತಕ ತೆಗೆದು ಲುಕಿಯಾಳ ಕೈಗಿತ್ತರು. ಅವಳು ಪುಟ ತೆರೆದಳು. ಹಳೇ ಪುಸ್ತಕದಲ್ಲಿ ಕಾಲಂಗಳು ಎಡದಿಂದ ಶುರುವಾಗುತ್ತಿದ್ದದ್ದು ಚಂಬೊದಿಂದ. ಈಗ ಆ ಜಾಗದಲ್ಲಿ ಬೇರೆ ಮೀನಿತ್ತು. ಅವಳು ಕೊನೆಯವರೆಗೂ ಬೆರಳಾಡಿಸಿ ಹುಡುಕಿದಳು.

"ಚಂಬೊ ಎಲ್ಲಿ ಮೇಡಂ?"

"ತೆಗೆದಿದ್ದಾರೆ. ಎರಡು ವರ್ಷದಿಂದ ನಮ್ಮ ಪುಸ್ತಕದಲ್ಲಿ ಆ ಕಾಲಂ ಖಾಲಿ. ಇಲ್ಲದ ಮೀನಿಗೆ ಜಾಗ ಯಾಕೆ ಅಂತ ದೊಡ್ಡ ಆಫೀಸಲ್ಲಿ ಕೇಳಿದ್ರು." ಗೊಂಡ್ವೆ ಸಮಿತಿಯ ಕಡೆ ತಿರುಗಿದರು. "ಅದು ಮರಿ ಮಾಡೋ ಕಾಲ ಅಂತ ನವೆಂಬರು ಡಿಸೆಂಬರಲ್ಲಿ ಬಲೆ ನಿಲ್ಲಿಸ್ತಿದ್ರಲ್ಲ, ಮೀನೇ ಇಲ್ಲ ಅಂದ್ಮೇಲೆ ಅದೂ ಇರಲ್ಲ. ಆಚೆ ಜೊಂಡಿನ ಜಾಗದಲ್ಲಿ ಬಲೆ ಹಾಕಬಾರದು ಅಂತಿರೋ ತಡೆನೂ ತೆಗೀತಾರೆ."

ಒಂದು ಕ್ಷಣ ಯಾರಿಗೂ ನಂಬಿಕೆ ಬರಲಿಲ್ಲ. ಆಮೇಲೆ ಗಂಡಸರು ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡರು. ಕಸವಾಲಾಗಳೆಲ್ಲ ಅಡಗುವುದು ಆ ಜೊಂಡಿನಲ್ಲೇ. ಬ್ವನಾಲಿ ತಂಗಿಯ ಮಗಳ ಕಡೆ ನೋಡಿ ಹುಬ್ಬು ಹಾರಿಸಿದ. ಇದೆಲ್ಲ ನಿನ್ನ ಕೈಗುಣ ಎಂಬಂತೆ.

ಲುಕಿಯಾ ಹೊಸ ಪುಸ್ತಕವನ್ನು ಮುಚ್ಚಿದಳು. ಹನ್ನೊಂದು ವರ್ಷ ಬಿಸಿಲಲ್ಲಿ ಕೂತು ತಾನು ಬರೆದದ್ದು ಮೀನು ಉಳಿಯಲಿ ಎಂದಲ್ಲವೇ? ಅದೇ ಬರಹ ಈಗ ಅದಕ್ಕೆ ಗುಂಡಿ ತೋಡಿತ್ತು.

ಗೊಂಡ್ವೆ ಗಾಡಿಯ ಹತ್ತಿರ ಒಬ್ಬರೇ ಸಿಕ್ಕಾಗ ಅವಳು ಕೇಳಿಯೇ ಬಿಟ್ಟಳು. "ಕಸವಾಲಾ ಅಂದ್ರೆ ಚಂಬೊ ಮರಿ. ನಿಮಗೆ ಗೊತ್ತಿಲ್ವಾ?"

"ನನಗೆ ಗೊತ್ತಿರೋದು ಬಿಡು, ನಮ್ಮ ಕೇಂದ್ರದ ಕಸ ಗುಡಿಸೋನಿಗೂ ಗೊತ್ತು. ಬರೆದೂ ಕಳಿಸಿದೆ. ಆಧಾರ ಕೊಡಿ ಅಂದ್ರು. ಆಧಾರ ಅಂದ್ರೆ ನಿನ್ನ ಪುಸ್ತಕ, ಲುಕಿಯಾ. ಅದರಲ್ಲಿ ನಿನ್ನ ಕೈಬರಹದಲ್ಲೇ ಇದೆ, ಅದು ಬೇರೆ ಮೀನು ಅಂತ."

"ಅವರು ಹೇಳಿದ್ದು ಬರಿ ಅಂದವರು ನೀವು."

"ಹೌದು. ನನ್ನದೇ ತಪ್ಪು." ಗೊಂಡ್ವೆ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ನಾಳೆ ಬೆಳಿಗ್ಗೆ ಬಲೆ ಎಳೆದು ಬರೆದಾದ ಮೇಲೆ ಹಳೇ ಪುಸ್ತಕ ತಗೊಂಡು ಹೊರಡ್ತೀನಿ, ಅದರಲ್ಲಿ ಚಂಬೊ ಕಾಲಂ ಇನ್ನೂ ಇದೆ. ನೀನು ಹೀಗೆ ಬರಿ ಅಂತ ನಾನು ಹೇಳಲ್ಲ. ನಾನು ಗಾಡಿ ಹತ್ತಿ ಹೋಗೋಳು. ನೀನು ಇಲ್ಲೇ ಬಾಳ್ಬೇಕು."

ಮಧ್ಯಾಹ್ನವೆಲ್ಲ ಲುಕಿಯಾ ತಗಡಿನ ಪೆಟ್ಟಿಗೆ ತೆರೆದುಕೊಂಡು ಕೂತಳು. ಹನ್ನೊಂದು ವರ್ಷದ ಕಾರ್ಬನ್ ಪ್ರತಿಗಳು ಅದರಲ್ಲಿದ್ದವು. ಚಂಬೊ ತಾಯಿ ತನ್ನ ಮರಿಗಳನ್ನು ಬಾಯಿಯೊಳಗೇ ಇಟ್ಟುಕೊಂಡು ಸಾಕುತ್ತದೆ. ಮರಿ ಈಜಲು ಕಲಿಯುವವರೆಗೂ ಬಾಯಿ ಮುಚ್ಚಿ ಉಪವಾಸ ಇರುತ್ತದೆ. ಬಾಯಲ್ಲಿ ಮರಿಯಿದ್ದ ಅಂಥದ್ದೊಂದು ಹಲಗೆಗೆ ಬಂದಾಗಲೆಲ್ಲ ಅವಳು ಅಳತೆಯ ಸುತ್ತ ಒಂದು ಸೊನ್ನೆ ಸುತ್ತುತ್ತಿದ್ದಳು. ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಯಾಕೋ ಬರೀ ಅಂಕಿ ಬರೆದು ಮುಂದೆ ಹೋಗಲು ಮನಸ್ಸು ಬರುತ್ತಿರಲಿಲ್ಲ, ಅಷ್ಟೆ. ಈಗ ಅವಳು ಪುಟ ತಿರುವುತ್ತಾ ಆ ಸೊನ್ನೆಗಳನ್ನು ಮಾತ್ರ ಒಂದು ಹಾಳೆಗೆ ಇಳಿಸಿಕೊಂಡಳು.

ಸಂಜೆ ಅಂಗಳದಲ್ಲಿ ನ್ಸಿಮಾ ಮುದ್ದೆ ಮುರಿಯುತ್ತಿದ್ದ ಬ್ವನಾಲಿಯ ಎದುರು ಹೋಗಿ ನಿಂತಳು.

"ಮಾವ, ನಾಳೆ ನಾನು ಕಸವಾಲಾನ ಚಂಬೊ ಅಂತ ಬರೀತೀನಿ. ಹಳೇ ಪುಸ್ತಕದಲ್ಲೇ."

ಅವನು ತುತ್ತನ್ನು ಬಾಯಿಗಿಡದೆ ತಟ್ಟೆಗೇ ಹಾಕಿದ. "ಉಂಡ ಮನೆ ಜಂತಿ ಎಣಿಸೋಕೆ ಶುರು ಮಾಡಿದ್ಯಾ? ನೀನು ಹಂಗೆ ಬರೆದ ಮಾರನೇ ದಿನ ಪೊಲೀಸಿನೋರು ಬಂದು ಬಲೆ ಸುಟ್ಟು ಹೋಗ್ತಾರೆ. ಇಪ್ಪತ್ಮೂರು ಜನ ನಿನ್ನ ಪೆನ್ನು ನೆಕ್ಕೋದಾ?"

"ದೊಡ್ಡ ಕಣ್ಣಿನ ಬಲೆ..."

"ದೊಡ್ಡ ಕಣ್ಣಿಗೆ ನೀರು ಬರುತ್ತೆ. ತಾ, ಬೇಯ್ಸು ನೀರನ್ನ!"

ಅವಳು ಇದ್ದದ್ದನ್ನೇ ಹೇಳಿದಳು. "ಏನು ತಿನ್ನೋದು ಅಂತ ನನಗೂ ಗೊತ್ತಿಲ್ಲ ಮಾವ. ಆದ್ರೆ ಸುಳ್ಳು ಇನ್ನು ಬರೆಯಲ್ಲ."

"ಸುಳ್ಳು!" ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವನು ಎದ್ದು ನಿಂತ. "ಚಂಬೊ ಅಂದ್ರೆ ಯಾವ್ದು? ಬಾಯಲ್ಲಿ ಮಕ್ಕಳನ್ನ ಇಟ್ಕೊಂಡಿರೋದು. ಮೊಳದುದ್ದ ಇರೋದು. ನಮ್ಮಮ್ಮ ಒಂದು ಮೀನು ಬೇಯ್ಸಿದ್ರೆ ಮನೆಗೆಲ್ಲ ಆಗ್ತಿತ್ತು. ಕಸವಾಲಾ ಬಾಯಲ್ಲಿ ಮಕ್ಕಳು ತೋರ್ಸು ನೋಡೋಣ, ಆವಾಗ ನಿನ್ನಿಷ್ಟ ಬಂದಂಗೆ ಬರ್ಕೋ!"

ಲುಕಿಯಾಳ ಪಾಲಿನ ತಟ್ಟೆಯನ್ನು ಆ ಸಂಜೆ ಯಾರೂ ಅವಳತ್ತ ಸರಿಸಲಿಲ್ಲ.

ಬೆಳಿಗ್ಗೆ ಬಲೆ ದಡಕ್ಕೆ ಬಂದಾಗ ಊರಿಗೆ ಊರೇ ಅಲ್ಲಿತ್ತು. ಅಂಗಳದಲ್ಲಿ ಆಡಿದ ಮಾತು ದಡಕ್ಕೆ ಬರಲು ಎಷ್ಟು ಹೊತ್ತು? ಗೊಂಡ್ವೆ ಸ್ವಲ್ಪ ದೂರದಲ್ಲಿ ಗಾಡಿಗೆ ಒರಗಿ ನಿಂತಿದ್ದರು. ಲುಕಿಯಾ ಹಲಗೆ ಇಟ್ಟು, ಬೋಗುಣಿಗೆ ಹೊಸ ನೀರು ತುಂಬಿಸಿ, ತಾನು ಬರೆದಿಟ್ಟ ಹಾಳೆಯನ್ನು ಪುಸ್ತಕದೊಳಗೆ ಸಿಕ್ಕಿಸಿ ಕೂತಳು.

ಮೊದಲ ಮೀನನ್ನು ಬ್ವನಾಲಿ ಹಲಗೆಗೆ ಎಸೆದ. ಹದಿನಾಲ್ಕು ಸೆಂಟಿಮೀಟರು. ಅವಳು ಅದನ್ನು ಒತ್ತಿ ಹಿಡಿದವಳು ಬಗ್ಗಿ ನೋಡಿದಳು. ಗದ್ದದ ಕೆಳಗೆ ಊದಿಕೊಂಡಿತ್ತು. ನೀರಿನಿಂದ ಹೊರಗೆ ಬಂದ ಮೀನು ಬಾಯಿ ಬಿಡಬೇಕು. ಇದು ಬಿಗಿಯಾಗಿ ಮುಚ್ಚಿಕೊಂಡಿತ್ತು.

"ಹೆಸರು?"

"ಕಸವಾಲಾ!" ಎಂದ ಬ್ವನಾಲಿ, ಎಲ್ಲರಿಗೂ ಕೇಳುವಂತೆ.

ಲುಕಿಯಾ ಮೀನಿನ ತಲೆಯನ್ನು ಬೋಗುಣಿಯ ನೀರಿಗೆ ಅದ್ದಿ, ಹೆಬ್ಬೆರಳಿನಿಂದ ಕೆಳದವಡೆಯನ್ನು ಮೆಲ್ಲಗೆ ಒತ್ತಿದಳು. ಬಾಯಿ ತೆರೆಯಿತು. ಒಂದು, ಎರಡು, ಆಮೇಲೆ ಒಮ್ಮೆಗೇ ಹತ್ತಾರು ಮರಿಗಳು ನೀರಿಗೆ ಬಿದ್ದವು. ಸಾಸಿವೆಗೆ ಕಣ್ಣು ಮೂಡಿದ ಹಾಗಿದ್ದವು.

ಜನ ಬಗ್ಗಿ ನೋಡಿದರು. "ಅಯ್ಯೋ ನನ್ನವ್ವ," ಎಂದಳು ಎಸ್ನಾತ್, "ಇದಕ್ಕೇ ಇನ್ನೂ ಹಾಲು ಕುಡಿಯೋ ವಯಸ್ಸು!"

ಬ್ವನಾಲಿ ಒಂದು ಗಳಿಗೆ ಬೋಗುಣಿಯನ್ನೇ ನೋಡಿದ. ಆದರೆ ನಲವತ್ತು ವರ್ಷ ಸಮಿತಿಗಳಲ್ಲಿ ಪಳಗಿದ ನಾಲಗೆ ಅದು. "ನೋಡಿದ್ರಾ, ನಾನೇನಂದೆ? ಇದು ಮರಿನಾ? ಮಕ್ಕಳ ತಾಯಿ! ಪೂರ್ತಿ ಬೆಳೆದ ಮೀನು ಇದು. ಇದರ ಜಾತಿನೇ ಇಷ್ಟುದ್ದ. ಚಂಬೊ ಬೇರೆ, ಕಸವಾಲಾ ಬೇರೆ ಅಂತ ಅದೇ ಬಾಯ್ಬಿಟ್ಟು ಹೇಳ್ತಲ್ಲ!"

ಗಂಡಸರು ಹೋ ಎಂದು ನಕ್ಕರು. ಗೊಂಡ್ವೆ ಒಂದು ಹೆಜ್ಜೆ ಮುಂದಿಟ್ಟವರು ನಿಂತುಬಿಟ್ಟರು.

"ನಿನ್ನೆ ಬೇರೆ ಹೇಳಿದ್ರಿ ಮಾವ," ಎಂದಳು ಲುಕಿಯಾ. ಸಿಕ್ಕಿಸಿಟ್ಟಿದ್ದ ಹಾಳೆ ತೆಗೆದು ಓದತೊಡಗಿದಳು. "ನಾನು ಕೆಲಸಕ್ಕೆ ಸೇರಿದ ವರ್ಷ ಬಾಯಲ್ಲಿ ಮಕ್ಕಳಿದ್ದ ಚಂಬೊ ಇಪ್ಪತ್ತೊಂಬತ್ತು, ಇಪ್ಪತ್ತೆಂಟು, ಮೂವತ್ತು. ಇದೇ ಹಲಗೆ, ನಿಮ್ಮದೇ ಬಲೆ. ಆಗ ನೀವೇ ಚಂಬೊ ಅಂತ ಕೂಗಿದ್ರಿ. ನಾಲ್ಕನೇ ವರ್ಷ ಇಪ್ಪತ್ತೈದು. ಆರನೇ ವರ್ಷ ಇಪ್ಪತ್ತೆರಡು. ಎಂಟನೇ ವರ್ಷ ಹತ್ತೊಂಬತ್ತು. ಎರಡು ವರ್ಷದ ಹಿಂದೆ ಕೊನೇದು, ಹದಿನಾರು. ಅದನ್ನೂ ನೀವು ಚಂಬೊ ಅಂದ್ರಿ. ಇವತ್ತು ಹದಿನಾಲ್ಕು. ಬೇರೆ ಜಾತಿ ಎಲ್ಲಿ ಹುಟ್ತು ಮಾವ, ಇದರ ಮಧ್ಯೆ?"

ನಗು ನಿಂತಿತ್ತು. ಅವಳು ಹಾಳೆಯನ್ನು ಮಡಚಿದಳು.

"ಬೆಳೆಯೋಕೆ ಪುರುಸೊತ್ತು ಸಿಗಲಿಲ್ಲ ಅಂತ ಬೇಗ ತಾಯಿ ಆಗಿದೆ, ಅಷ್ಟೆ. ಹದಿನಾರು ತುಂಬೋ ಮುಂಚೆ ನನ್ನ ಮಡಿಲಲ್ಲೂ ಮಗು ಇತ್ತಲ್ಲ. ಮದುವೆ ಗೊತ್ತು ಮಾಡಿದವರು ನೀವೇ. ಆಗ ನಾನೇನು ಬೇರೆ ಜಾತಿ ಆಗಿದ್ನಾ?"

ಅವಳು ದನಿ ಏರಿಸಿರಲಿಲ್ಲ. ಆ ಮಾತು ಹೇಳಬೇಕೆಂದು ಬಂದಿರಲೂ ಇಲ್ಲ, ಬಂದುಬಿಟ್ಟಿತು. ಬ್ವನಾಲಿ ಹಲಗೆಯ ಹತ್ತಿರದಿಂದ ಕೈ ಹಿಂದೆಗೆದ. ಅವಳ ಮೊದಲ ಮಗು ಹುಟ್ಟಿದ ದಿನ ಆಸ್ಪತ್ರೆಗೆ ಹತ್ತು ಮೈಲಿ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ತುಳಿದವನು ಅವನು. ದಾರಿಯುದ್ದಕ್ಕೂ ಅವಳು ಅಮ್ಮಾ ಎಂದು ಮಗುವಿನ ಹಾಗೆ ಅತ್ತದ್ದು ಕೇಳಿದವನೂ ಅವನೊಬ್ಬನೇ. ಆ ಮಗು ಉಳಿಯಲಿಲ್ಲ.

ಲುಕಿಯಾ ಪುಸ್ತಕ ಎಳೆದುಕೊಂಡಳು. ಎರಡು ವರ್ಷದಿಂದ ಖಾಲಿ ಬಿದ್ದಿದ್ದ, ಎಡತುದಿಯ ಮೊದಲ, ಚಂಬೊದ ಕಾಲಂನಲ್ಲಿ ಹದಿನಾಲ್ಕು ಎಂದು ಬರೆದು, ಅದರ ಸುತ್ತ ಸೊನ್ನೆ ಸುತ್ತಿದಳು. ಪೆನ್ನು ಎಷ್ಟು ಒತ್ತಿತೆಂದರೆ ಕೆಳಗಿನ ಮೂರು ಹಾಳೆಗೂ ಗುರುತು ಬಿತ್ತು.

ಎಸ್ನಾತ್ ಖಾಲಿ ಬುಟ್ಟಿಯನ್ನು ಮಗುಚಿ ಅದರ ಮೇಲೆ ಕೂತಳು. ಗಂಡಸರು ಬ್ವನಾಲಿಯ ಮುಖ ನೋಡುತ್ತಿದ್ದರು. ಅವನು ರಾಶಿ ಬಿದ್ದ ತನ್ನ ಬಲೆಯನ್ನು, ಅದರ ಬೆರಳು ತೂರದಂಥ ಕಣ್ಣುಗಳನ್ನು ನೋಡಿದ.

ಲುಕಿಯಾಳ ಎಡಗೈ ಬೋಗುಣಿಯಲ್ಲಿತ್ತು. ತಾಯಿಯನ್ನು ಕಳೆದುಕೊಂಡ ಮರಿಗಳು ನೀರಿನಲ್ಲಿ ಗುಂಪಾಗಿ ಅತ್ತಿತ್ತ ತಡಕಾಡಿದವು. ಅವಳ ಅರೆ ಮುಚ್ಚಿದ ಮುಷ್ಟಿಯೊಳಗೆ ಒಂದಿಷ್ಟು ಕತ್ತಲಿತ್ತು. ಮೊದಲು ಒಂದು ಒಳಗೆ ಹೋಯಿತು, ಹಿಂದೆಯೇ ಉಳಿದವು. ಅಂಗೈಗೆ ಅವು ತಾಗುವುದು ಅವಳಿಗೆ ತಿಳಿಯುತ್ತಿತ್ತು. ಅವಳು ಕೈ ತೆಗೆಯಲಿಲ್ಲ.

ಬ್ವನಾಲಿ ಬಗ್ಗಿ ರಾಶಿಯಿಂದ ಇನ್ನೊಂದು ಮೀನು ತೆಗೆದ. ಒಂಬತ್ತು ಸೆಂಟಿಮೀಟರು ಇದ್ದರೆ ಹೆಚ್ಚು. ಎಸೆಯದೆ, ಎರಡೂ ಕೈಯಿಂದ ಅದರ ಮೂತಿಯನ್ನು ಕಟ್ಟೆಗೆ ನೆಟ್ಟಗೆ ತಾಗಿಸಿ, ಹಲಗೆಯ ಮೇಲೆ ಹಿಡಿದ. ಅವಳು ಹೆಸರು ಕೇಳಲಿಲ್ಲ. ಅವನು ಹೇಳಲಿಲ್ಲ. ಎಡಗೈಯನ್ನು ನೀರಿನಲ್ಲೇ ಇಟ್ಟುಕೊಂಡು, ಬಲಗೈಯಲ್ಲಿ ಅವಳು ಮೊದಲ ಕಾಲಂನಲ್ಲಿ ಬರೆಯತೊಡಗಿದಳು.